ಲಾಗಿಂಗ್ ವ್ಯವಸ್ಥೆಯ ವಿನ್ಯಾಸ: ಹಲವು ಗಣಕಯಂತ್ರಗಳ ಲೆಕ್ಕ ಒಂದೆಡೆ ಕೂಡಬೇಕಾದರೆ

ಕಡ್ಡಿರಾಂಪುರ (ಹೊಸಪೇಟೆ ತಾಲ್ಲೂಕು): ಹಂಪಿಗೆ ಸಮೀಪದ ಕಡ್ಡಿರಾಂಪುರದ ರೈತನೊಬ್ಬ ಎರಡು ಎಕರೆ ಜಮೀನು ಖರೀದಿಸಿದನೆಂದು ಇಟ್ಟುಕೊಳ್ಳೋಣ. ಕ್ರಯಪತ್ರ ನೋಂದಣಿಯಾಗುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ. ಜಮೀನಿನ ನಕ್ಷೆಯ ಅರ್ಜಿ ಸಾಗುವುದು ಭೂಮಾಪನ ಇಲಾಖೆಯ ‘ಮೋಜಿಣಿ’ಯಲ್ಲಿ. ಪಹಣಿಯಲ್ಲಿ ಹೊಸ ಹೆಸರು ಸೇರುವುದು ಕಂದಾಯ ಇಲಾಖೆಯ ‘ಭೂಮಿ’ಯಲ್ಲಿ. ಒಬ್ಬ ರೈತನ ಒಂದೇ ಕೆಲಸಕ್ಕೆ ಮೂರು ಇಲಾಖೆಗಳ ಮೂರು ತಂತ್ರಾಂಶಗಳು ಒಂದರೊಡನೊಂದು ಮಾತನಾಡಬೇಕಾಗುತ್ತದೆ.

ಅರ್ಜಿ ನಡುವೆ ಎಲ್ಲಿಯೋ ನಿಂತುಹೋದರೆ, ಅಥವಾ ಪಹಣಿಯಲ್ಲಿ ಬೇರೊಬ್ಬರ ಹೆಸರು ಕಾಣಿಸಿಕೊಂಡರೆ, ಏಳುವ ಪ್ರಶ್ನೆಗಳು ಮೂರು: ಯಾರು ಮಾಡಿದರು, ಯಾವಾಗ ಮಾಡಿದರು, ಯಾವ ಗಣಕಯಂತ್ರದಿಂದ ಮಾಡಿದರು? ಇವಕ್ಕೆ ಉತ್ತರ ಸಿಗಬೇಕಾದದ್ದು ‘ಲಾಗ್’ ಎಂಬ ದಾಖಲೆಯಲ್ಲಿ. ತಂತ್ರಾಂಶವು ತಾನು ಮಾಡಿದ ಪ್ರತಿಯೊಂದು ಮುಖ್ಯ ಕೆಲಸವನ್ನೂ ಸಮಯ ಸಹಿತ ತಾನೇ ಬರೆದಿಡುವ ದಿನಚರಿಯೇ ಲಾಗ್. ಅದನ್ನು ಬರೆಯುವ, ಸಾಗಿಸುವ, ಕಾಪಾಡುವ ಒಟ್ಟು ಏರ್ಪಾಡಿಗೆ ಲಾಗಿಂಗ್ ವ್ಯವಸ್ಥೆ ಎಂದು ಹೆಸರು. ಎಷ್ಟು ಬರೆಯಬೇಕು, ಎಲ್ಲಿಗೆ ಕಳುಹಿಸಬೇಕು, ಎಷ್ಟು ದಿನ ಇಡಬೇಕು ಎಂಬುದನ್ನು ತಂತ್ರಾಂಶವನ್ನು ಹೊಸದಾಗಿ ಬರೆಯದೆ ಹೊರಗಿನಿಂದಲೇ ಬದಲಿಸಲು ಸಾಧ್ಯವಾದರೆ ಅದು ಹೊಂದಿಸಬಹುದಾದ ಲಾಗಿಂಗ್ ವ್ಯವಸ್ಥೆ.

ಇಂತಹ ವ್ಯವಸ್ಥೆಯನ್ನು ರೂಪಿಸುವವರು ಸಾಮಾನ್ಯವಾಗಿ ಏನನ್ನೆಲ್ಲ ಬದಲಿಸಬಹುದು ಎಂಬುದಕ್ಕೆ ಹೆಚ್ಚು ಗಮನ ಕೊಡುತ್ತಾರೆ. ಯಾವುದನ್ನು ಯಾರೂ ಬದಲಿಸಕೂಡದು ಎಂಬುದನ್ನು ಮೊದಲೇ ತೀರ್ಮಾನಿಸುವುದು ಅದಕ್ಕಿಂತ ಮುಖ್ಯವಾದ ಕೆಲಸ. ಜಮೀನು, ಗಣಿ, ನೀರು ಈ ಮೂರರ ಲೆಕ್ಕವೂ ಸೂಕ್ಷ್ಮವಾಗಿರುವ ಹೊಸಪೇಟೆ, ಸಂಡೂರು, ಕಂಪ್ಲಿ ಭಾಗಕ್ಕೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

‘ಭೂಮಿ’ ಹಾಕಿಕೊಟ್ಟ ಮೇಲ್ಪಂಕ್ತಿ

ರಾಜ್ಯದಲ್ಲಿ ಲಾಗ್‌ನ ಮಹತ್ವವನ್ನು ಆರಂಭದಲ್ಲಿಯೇ ಗುರುತಿಸಿದ ಯೋಜನೆಗಳಲ್ಲಿ ‘ಭೂಮಿ’ ಪ್ರಮುಖವಾದದ್ದು. 2000ದ ದಶಕದ ಆರಂಭದಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನೊಂದಿಗೆ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಣಗೊಳಿಸಲಾಯಿತು. 177 ತಾಲ್ಲೂಕು ಕೇಂದ್ರಗಳಲ್ಲಿ ಗಣಕೀಕೃತ ಪಹಣಿ ನಿಗದಿತ ಶುಲ್ಕಕ್ಕೆ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಕೊನೆಗೊಂಡಿತು.

ಆ ಯೋಜನೆಯಲ್ಲಿ ಸಾರ್ವಜನಿಕರ ಕಣ್ಣಿಗೆ ಅಷ್ಟಾಗಿ ಬೀಳದ ಎರಡು ಅಂಶಗಳಿದ್ದವು. ಒಂದು, ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಅಳವಡಿಸಿದ್ದು. ಇನ್ನೊಂದು, ದಾಖಲೆಯನ್ನು ಮುಟ್ಟುವ ನೌಕರರು ಮತ್ತು ಅಧಿಕಾರಿಗಳು ಗುಪ್ತಪದದ ಜೊತೆಗೆ ಬೆರಳಚ್ಚನ್ನೂ ನೀಡಬೇಕೆಂದು ವಿಧಿಸಿ, ಅವರು ನಡೆಸಿದ ವ್ಯವಹಾರಗಳ ಲಾಗ್ ಇಟ್ಟಿದ್ದು. ‘ನನ್ನ ಗುಪ್ತಪದ ಬೇರೆ ಯಾರೋ ಬಳಸಿರಬೇಕು’ ಎಂಬ ಸಬೂಬಿಗೆ ಇದರಿಂದ ಅವಕಾಶ ತಪ್ಪಿತು.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಲಾಗ್‌ಗಳಲ್ಲಿ ಎರಡು ಬಗೆ. ತಂತ್ರಾಂಶ ಸರಿಯಾಗಿ ಓಡುತ್ತಿದೆಯೇ ಎಂದು ತಿಳಿಯಲು ತಂತ್ರಜ್ಞರು ಓದುವುದು ಕಾರ್ಯನಿರ್ವಹಣೆಯ ಲಾಗ್. ಯಾರು ಏನು ಮಾಡಿದರು ಎಂಬ ಹೊಣೆಯನ್ನು ನಿಗದಿಪಡಿಸುವುದು ಲೆಕ್ಕಪರಿಶೋಧನೆಯ ಲಾಗ್. ಮೊದಲನೆಯದನ್ನು ಅಗತ್ಯಕ್ಕೆ ತಕ್ಕಂತೆ ಹೆಚ್ಚಿಸಬಹುದು, ತಗ್ಗಿಸಬಹುದು. ಎರಡನೆಯದನ್ನು ಹಾಗೆ ಮಾಡುವಂತಿಲ್ಲ. ಇವೆರಡನ್ನೂ ಒಂದೇ ಕಡತಕ್ಕೆ ಸುರಿಯುವುದು ವಿನ್ಯಾಸದಲ್ಲಿ ಆಗುವ ಮೊದಲ ಪ್ರಮಾದ.

ಸಂಡೂರಿನ ಅದಿರು ಕಲಿಸಿದ ಪಾಠ

ಲೆಕ್ಕ ಒಂದೇ ಕಚೇರಿಯಲ್ಲಿದ್ದರೆ ತಾಳೆ ನೋಡುವುದು ಸುಲಭ. ಅದು ಹಲವೆಡೆ ಹಂಚಿಹೋದಾಗ ಏನಾಗುತ್ತದೆ ಎಂಬುದಕ್ಕೆ ಈ ಭಾಗದ ಗಣಿಗಾರಿಕೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಅದಿರು ಅಗೆದ ಲೆಕ್ಕ ಗಣಿಯಲ್ಲಿ, ಪರ್ಮಿಟ್ ಲೆಕ್ಕ ಗಣಿ ಇಲಾಖೆಯಲ್ಲಿ, ಸಾಗಣೆಯ ಲೆಕ್ಕ ಅರಣ್ಯ ತನಿಖಾ ಠಾಣೆಯಲ್ಲಿ, ಹಡಗಿಗೆ ತುಂಬಿದ ಲೆಕ್ಕ ಬಂದರಿನಲ್ಲಿ ಇರುತ್ತಿತ್ತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯು, 2006ರಿಂದ 2010ರವರೆಗಿನ ಅವಧಿಯಲ್ಲಿ ಸುಮಾರು 2.98 ಕೋಟಿ ಟನ್ ಕಬ್ಬಿಣದ ಅದಿರು ಅಕ್ರಮವಾಗಿ ರಫ್ತಾಗಿದೆ ಎಂದು ಅಂದಾಜಿಸಿತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ಸ್ಥಗಿತಗೊಳಿಸಲು ಆದೇಶಿಸಿತು.

ಅಕ್ರಮ ನಡೆದದ್ದು ದಾಖಲೆಗಳ ಕೊರತೆಯಿಂದಲ್ಲ, ಮನುಷ್ಯರ ದುರಾಸೆಯಿಂದ. ಆದರೆ ಅದು ಅಷ್ಟು ಕಾಲ ಮುಂದುವರಿಯಲು ಒಂದು ಕಚೇರಿಯ ಲೆಕ್ಕವನ್ನು ಇನ್ನೊಂದು ಕಚೇರಿಯ ಲೆಕ್ಕದೊಂದಿಗೆ ಆಗಿಂದಾಗ್ಗೆ ಹೋಲಿಸುವ ವ್ಯವಸ್ಥೆ ಇಲ್ಲದಿದ್ದುದು ಅನುಕೂಲ ಮಾಡಿಕೊಟ್ಟಿತು. ತರುವಾಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯು ಗಣಕೀಕೃತ ಪರ್ಮಿಟ್ ಹಾಗೂ ಲಾರಿಗಳ ಜಿಪಿಎಸ್ ನಿಗಾವನ್ನು ಒಳಗೊಂಡ ಸಮಗ್ರ ಗುತ್ತಿಗೆ ನಿರ್ವಹಣಾ ವ್ಯವಸ್ಥೆಯನ್ನು ಜಾರಿಗೆ ತಂದಿತು.

ಹಂಚಿಹೋದ ತಂತ್ರಾಂಶದ ಸಮಸ್ಯೆಯೂ ಇದೇ ಸ್ವರೂಪದ್ದು. ಪ್ರತಿ ಸರ್ವರ್ ತನ್ನ ಮಟ್ಟಿಗೆ ಸರಿಯಾದ ಲಾಗ್ ಬರೆದಿರುತ್ತದೆ. ಹತ್ತು ಸರ್ವರ್‌ಗಳ ಲಾಗ್ ಜೋಡಿಸಿದಾಗ ಒಂದು ಲಾರಿಯ ಪೂರ್ಣ ಪ್ರಯಾಣ, ಅಥವಾ ಒಂದು ಅರ್ಜಿಯ ಪೂರ್ಣ ಪ್ರಯಾಣ, ಕಾಣಿಸುತ್ತದೆಯೇ ಎಂಬುದೇ ಪ್ರಶ್ನೆ.

ಒಂದು ನಮೂದಿನಲ್ಲಿ ಏನಿರಬೇಕು

‘ದೋಷ ಸಂಭವಿಸಿದೆ, ದಯವಿಟ್ಟು ಪುನಃ ಪ್ರಯತ್ನಿಸಿ’ ಎಂಬಷ್ಟೇ ಇರುವ ಲಾಗ್‌ನಿಂದ ಯಾರಿಗೂ ಪ್ರಯೋಜನವಿಲ್ಲ. ಉಪಯುಕ್ತ ನಮೂದಿನಲ್ಲಿ ಕನಿಷ್ಠ ಈ ಕಲಮುಗಳಿರಬೇಕು. ಆರಂಭದಲ್ಲಿ ಹೇಳಿದ ಕ್ರಯಪತ್ರದ ಕಾಲ್ಪನಿಕ ನಮೂದೊಂದನ್ನು ಇಲ್ಲಿ ಮಾದರಿಯಾಗಿ ನೀಡಲಾಗಿದೆ.

ಸಮಯ: 2025-07-14, 11:32:08.417, +05:30
ಕ್ರಮಸಂಖ್ಯೆ: 48213
ಮೂಲ: ನೋಂದಣಿ ಸೇವೆ, ಯಂತ್ರ 2
ಮಟ್ಟ: ಮಾಹಿತಿ
ಜಾಡು ಸಂಖ್ಯೆ: 7390-2215-8846
ಘಟನೆ: ಹಕ್ಕು ಬದಲಾವಣೆ ಕೋರಿಕೆ ರವಾನೆ
ಸ್ಥಳ ಸಂಕೇತ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ
ಫಲಿತಾಂಶ: ಸ್ವೀಕೃತಿ ಬಂದಿದೆ

ಇವುಗಳಲ್ಲಿ ಅತ್ಯಂತ ಮುಖ್ಯವಾದದ್ದು ಜಾಡು ಸಂಖ್ಯೆ. ಅರ್ಜಿ ಮೊದಲು ಪ್ರವೇಶಿಸಿದ ತಂತ್ರಾಂಶವು ಒಂದು ಅನನ್ಯ ಸಂಖ್ಯೆಯನ್ನು ನೀಡಬೇಕು. ಆ ಅರ್ಜಿ ಮುಂದೆ ಯಾವ ಸರ್ವರ್‌ಗೆ ಹೋದರೂ ಅದೇ ಸಂಖ್ಯೆ ಜೊತೆಯಲ್ಲಿ ಸಾಗಬೇಕು, ಪ್ರತಿ ನಮೂದಿನಲ್ಲೂ ಕಾಣಬೇಕು. ಗೂಗಲ್ ಸಂಸ್ಥೆ ತನ್ನ ‘ಡ್ಯಾಪರ್’ ಎಂಬ ಇಂತಹ ವ್ಯವಸ್ಥೆಯನ್ನು 2010ರಲ್ಲಿ ಪ್ರಬಂಧವೊಂದರಲ್ಲಿ ವಿವರಿಸಿದ ಬಳಿಕ ಈ ಪದ್ಧತಿ ವ್ಯಾಪಕವಾಯಿತು. ಬೇರೆ ಬೇರೆ ಸಂಸ್ಥೆಗಳ ತಂತ್ರಾಂಶಗಳೂ ಈ ಸಂಖ್ಯೆಯನ್ನು ಒಂದೇ ರೀತಿಯಲ್ಲಿ ಹಸ್ತಾಂತರಿಸುವಂತೆ 2020ರಲ್ಲಿ ಡಬ್ಲ್ಯು3ಸಿ ಒಕ್ಕೂಟ ‘ಟ್ರೇಸ್ ಕಾಂಟೆಕ್ಸ್ಟ್’ ಎಂಬ ಮಾನದಂಡವನ್ನು ಶಿಫಾರಸು ಮಾಡಿತು. ಉಚಿತವಾಗಿ ಬಳಸಬಹುದಾದ ‘ಓಪನ್‌ಟೆಲಿಮೆಟ್ರಿ’ ಯೋಜನೆ 2019ರಿಂದ ಇದೇ ಹಾದಿಯಲ್ಲಿದೆ.

ಸ್ಥಳವನ್ನು ಹೆಸರಿನ ಬದಲು ಸಂಕೇತದಲ್ಲಿ ಬರೆಯಬೇಕೆಂಬುದಕ್ಕೆ ಕಾರಣ ಈ ಭಾಗದ ಇತ್ತೀಚಿನ ಚರಿತ್ರೆಯಲ್ಲೇ ಇದೆ. 2014ರ ನವೆಂಬರ್ 1ರಂದು ಹೊಸಪೇಟೆ, ಬಳ್ಳಾರಿ ಸೇರಿದಂತೆ ರಾಜ್ಯದ ಹಲವು ನಗರಗಳ ಆಂಗ್ಲ ಕಾಗುಣಿತ ಬದಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ, ಹಂಪಿ, ಕಡ್ಡಿರಾಂಪುರ ಅದಕ್ಕೆ ಸೇರಿದವು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕೇವಲ ಹೆಸರಿನಿಂದ ಹುಡುಕಿದರೆ 2013ರ ನಮೂದೂ 2022ರ ನಮೂದೂ ಒಂದೇ ಗ್ರಾಮದವೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಹಾಗೆಂದು ಹಳೆಯ ನಮೂದುಗಳನ್ನು ಹೊಸ ಜಿಲ್ಲೆಯ ಹೆಸರಿಗೆ ತಿದ್ದುವುದೂ ತಪ್ಪು. ಬರೆದ ದಿನ ಯಾವುದು ನಿಜವಾಗಿತ್ತೋ ಅದು ಹಾಗೆಯೇ ಉಳಿಯಬೇಕು. ಹಳೆಯ ಸಂಕೇತಕ್ಕೆ ಹೊಸ ಸಂಕೇತ ಯಾವುದೆಂಬ ಪಟ್ಟಿಯನ್ನು ಪ್ರತ್ಯೇಕವಾಗಿ ಇಡುವುದು ಸರಿಯಾದ ಮಾರ್ಗ.

ಗಡಿಯಾರಗಳ ತಕರಾರು

ನೋಂದಣಿ ಸರ್ವರ್‌ನ ಗಡಿಯಾರ ನಾಲ್ಕು ನಿಮಿಷ ಮುಂದಿದೆ ಎಂದುಕೊಳ್ಳೋಣ. ಅದು 11:32ಕ್ಕೆ ಕಳುಹಿಸಿದ ಕೋರಿಕೆಯನ್ನು 11:36 ಎಂದು ಬರೆಯುತ್ತದೆ. ಸರಿಯಾದ ಗಡಿಯಾರವುಳ್ಳ ಕಂದಾಯ ಸರ್ವರ್ ಅದನ್ನು 11:33ಕ್ಕೆ ಸ್ವೀಕರಿಸಿ ಹಾಗೆಯೇ ಬರೆಯುತ್ತದೆ. ಎರಡೂ ಲಾಗ್‌ಗಳನ್ನು ಜೋಡಿಸಿ ನೋಡಿದರೆ ಕೋರಿಕೆ ಕಳುಹಿಸುವ ಮೂರು ನಿಮಿಷ ಮೊದಲೇ ತಲುಪಿದಂತೆ ಕಾಣುತ್ತದೆ. ಸಾಮಾನ್ಯ ದಿನದಲ್ಲಿ ಇದು ನಗುವ ವಿಷಯ. ನ್ಯಾಯಾಲಯದಲ್ಲಿ ಅದೇ ನಮೂದು ಸಾಕ್ಷ್ಯವಾಗಿ ಬಂದಾಗ, ಯಾವ ತಪ್ಪನ್ನೂ ಮಾಡದ ನೌಕರನ ಮೇಲೆ ಸಂಶಯ ಬೀಳುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಎಲ್ಲ ಗಣಕಯಂತ್ರಗಳ ಗಡಿಯಾರವನ್ನೂ ಜಾಲದ ಮೂಲಕ ಒಂದೇ ಪ್ರಮಾಣಿತ ಸಮಯಕ್ಕೆ ಹೊಂದಿಸುವುದು ಮೊದಲನೆಯದು. ಡೇವಿಡ್ ಮಿಲ್ಸ್ ಅವರು 1980ರ ದಶಕದಲ್ಲಿ ರೂಪಿಸಿದ ಎನ್‌ಟಿಪಿ ಎಂಬ ವಿಧಾನವನ್ನು ಇದಕ್ಕಾಗಿ ಬಳಸಲಾಗುತ್ತದೆ. ಭಾರತೀಯ ಕಾಲಮಾನವನ್ನು ಕಾಯುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಎರಡನೆಯದು, ಗಡಿಯಾರವನ್ನೇ ನಂಬದೆ ಕ್ರಮಸಂಖ್ಯೆಯನ್ನು ಅವಲಂಬಿಸುವುದು. ಲೆಸ್ಲಿ ಲ್ಯಾಂಪೋರ್ಟ್ ಅವರು 1978ರ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದಂತೆ, ಸಂದೇಶದೊಂದಿಗೆ ಕಳುಹಿಸಿದವರ ಎಣಿಕೆಯೂ ಸಾಗಿ, ಸ್ವೀಕರಿಸಿದವರು ತಮ್ಮ ಎಣಿಕೆಯನ್ನು ಅದಕ್ಕಿಂತ ಮುಂದಕ್ಕೆ ಒಯ್ದರೆ, ಕಳುಹಿಸಿದ್ದು ಮೊದಲು ಮತ್ತು ತಲುಪಿದ್ದು ನಂತರ ಎಂಬ ಕ್ರಮ ಎಂದೂ ತಲೆಕೆಳಗಾಗುವುದಿಲ್ಲ. ಒಳ್ಳೆಯ ವ್ಯವಸ್ಥೆಯಲ್ಲಿ ಎರಡೂ ಇರುತ್ತವೆ.

ಮಟ್ಟಗಳು ಮತ್ತು ಅವುಗಳ ಬೆಲೆ

ಪ್ರತಿ ನಮೂದಿಗೂ ಅದರ ಗಂಭೀರತೆಗೆ ತಕ್ಕ ಮಟ್ಟವನ್ನು ನೀಡುವ ಪದ್ಧತಿ ಹಳೆಯದು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಅವರು 1980ರ ದಶಕದಲ್ಲಿ ‘ಸೆಂಡ್‌ಮೇಲ್’ ಅಂಚೆ ತಂತ್ರಾಂಶಕ್ಕಾಗಿ ರೂಪಿಸಿದ ‘ಸಿಸ್‌ಲಾಗ್’ನಲ್ಲಿ ತುರ್ತು ಪರಿಸ್ಥಿತಿಯಿಂದ ಹಿಡಿದು ಡಿಬಗ್‌ವರೆಗೆ 0ಯಿಂದ 7ರ ತನಕ ಎಂಟು ಮಟ್ಟಗಳಿವೆ. ಇಂದಿನ ಬಹುತೇಕ ತಂತ್ರಾಂಶಗಳಲ್ಲಿ ನಾಲ್ಕೈದು ಮಟ್ಟಗಳು ಬಳಕೆಯಲ್ಲಿವೆ: ಕೆಲಸ ವಿಫಲವಾದರೆ ದೋಷ, ಕೆಲಸ ನಡೆದರೂ ಗಮನ ಬೇಕಿದ್ದರೆ ಎಚ್ಚರಿಕೆ, ಸಾಮಾನ್ಯ ವಹಿವಾಟಿಗೆ ಮಾಹಿತಿ, ತಂತ್ರಜ್ಞರ ಪತ್ತೆಕಾರ್ಯಕ್ಕೆ ಬೇಕಾದ ಪ್ರತಿ ಹೆಜ್ಜೆಯ ವಿವರಕ್ಕೆ ಡಿಬಗ್.

ಎಲ್ಲವನ್ನೂ ಯಾವಾಗಲೂ ಏಕೆ ಬರೆಯಬಾರದು ಎಂಬ ಪ್ರಶ್ನೆಗೆ ಸರಳ ಲೆಕ್ಕವೇ ಉತ್ತರ. ದಿನಕ್ಕೆ 1 ಲಕ್ಷ ಅರ್ಜಿಗಳು, ಅರ್ಜಿಗೆ 20 ನಮೂದು, ನಮೂದಿಗೆ 500 ಬೈಟ್ ಎಂದು ಹಿಡಿದರೆ ದಿನಕ್ಕೆ 20 ಲಕ್ಷ ನಮೂದುಗಳು, ಅಂದರೆ 1 ಗಿಗಾಬೈಟ್. ಆರು ತಿಂಗಳಿಗೆ 180 ಗಿಗಾಬೈಟ್. ಡಿಬಗ್ ಮಟ್ಟದಲ್ಲಿ ಅರ್ಜಿಗೆ 200 ನಮೂದುಗಳಾದರೆ ಅದು 1,800 ಗಿಗಾಬೈಟ್‌ಗೆ ಏರುತ್ತದೆ. ಡಿಸ್ಕ್ ಖರ್ಚಿಗಿಂತ ದೊಡ್ಡ ತೊಂದರೆ ಬೇರೆಯದೇ. ಅಷ್ಟು ರಾಶಿಯಲ್ಲಿ ಬೇಕಾದ ಒಂದು ಸಾಲು ಸಿಗುವುದಿಲ್ಲ, ಬರೆಯುವ ಭಾರಕ್ಕೇ ಸರ್ವರ್ ನಿಧಾನವಾಗುತ್ತದೆ.

ಆದ್ದರಿಂದ ಸಾಮಾನ್ಯ ಕಾಲದಲ್ಲಿ ಕಡಿಮೆ, ಅಗತ್ಯ ಬಿದ್ದಾಗ ಹೆಚ್ಚು ಎಂಬ ನೀತಿ ಬೇಕಾಗುತ್ತದೆ. ನದಿಪಾತ್ರದವರಿಗೆ ಇದು ಹೊಸದೇನಲ್ಲ. ಬೇಸಿಗೆಯಲ್ಲಿ ನದಿಯ ಮಟ್ಟವನ್ನು ಆಗೊಮ್ಮೆ ಈಗೊಮ್ಮೆ ಅಳೆದರೆ ಸಾಕು. ಪ್ರವಾಹದ ದಿನಗಳಲ್ಲಿ ಗಂಟೆಗೊಮ್ಮೆ ಅಳೆಯಬೇಕು. ಅದೇ ಮಾಪನ ಪಟ್ಟಿ, ಅದೇ ರಿಜಿಸ್ಟರ್. ಬದಲಾಗುವುದು ಬರೆಯುವ ಅಂತರ ಮಾತ್ರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದಾಗ ಕೆಳಭಾಗದ ಊರುಗಳಿಗೆ ಬೇಕಾಗಿದ್ದದ್ದು ಆ ಕ್ಷಣದ ಹೊರಹರಿವಿನ ಲೆಕ್ಕ. ಅವಘಡ ಸಂಭವಿಸಿದ ಮೇಲೆ ಮಾಪಕಗಳನ್ನು ಹೊಸದಾಗಿ ಅಳವಡಿಸಲು ಕಾಲಾವಕಾಶವಿರುವುದಿಲ್ಲ. ತಂತ್ರಾಂಶದಲ್ಲೂ ಡಿಬಗ್ ನಮೂದುಗಳನ್ನು ಮೊದಲೇ ಬರೆದು, ಅವನ್ನು ಮುಚ್ಚಿಟ್ಟಿದ್ದರೆ ಮಾತ್ರ ಬೇಕಾದಾಗ ತೆರೆಯಲು ಸಾಧ್ಯ.

ಹೊಂದಾಣಿಕೆ ಹೇಗಿರಬೇಕು

ಮಟ್ಟ, ತಲುಪಬೇಕಾದ ಸ್ಥಳ, ರೂಪ ಮತ್ತು ಅವಧಿಯನ್ನು ಸೂಚಿಸುವ ಕಾನ್ಫಿಗರೇಷನ್ ಕಡತವು ತಂತ್ರಾಂಶದ ಹೊರಗಿರಬೇಕು. 1990ರ ದಶಕದ ಕೊನೆಯಲ್ಲಿ ಜಾವಾ ಭಾಷೆಗಾಗಿ ಸಿದ್ಧವಾದ ‘ಲಾಗ್4ಜೆ’ ಈ ವಿಷಯದಲ್ಲಿ ದಾರಿ ತೋರಿತು. ಅದರಲ್ಲಿ ತಂತ್ರಾಂಶದ ಭಾಗಗಳನ್ನು ವಂಶಾವಳಿಯಂತೆ ಹೆಸರಿಸಲಾಗುತ್ತದೆ. ‘ಕಂದಾಯ’ ಎಂಬ ಮೂಲಕ್ಕೆ ‘ಮಾಹಿತಿ’ ಮಟ್ಟ ನಿಗದಿಯಾಗಿದ್ದರೆ ಅದರ ಕೆಳಗಿನ ‘ಕಂದಾಯ.ಹಕ್ಕುಬದಲಾವಣೆ’, ‘ಕಂದಾಯ.ಪಹಣಿಮುದ್ರಣ’ ಎಲ್ಲಕ್ಕೂ ಅದೇ ಅನ್ವಯಿಸುತ್ತದೆ. ಸಮಸ್ಯೆಯಿರುವ ಒಂದು ಭಾಗಕ್ಕೆ ಮಾತ್ರ ‘ಡಿಬಗ್’ ಎಂದು ಬರೆದರೆ ಆ ಭಾಗವಷ್ಟೇ ವಿವರವಾಗಿ ಬರೆಯತೊಡಗುತ್ತದೆ.

ಹಂಚಿಹೋದ ವ್ಯವಸ್ಥೆಯಲ್ಲಿ ಇದಕ್ಕೆ ಇನ್ನೂ ಕೆಲವು ನಿಯಮಗಳು ಸೇರಬೇಕು.

ಮೊದಲನೆಯದಾಗಿ, ಬದಲಾವಣೆಯನ್ನು ಸರ್ವರ್ ನಿಲ್ಲಿಸದೆ ಜಾರಿಗೊಳಿಸಲು ಸಾಧ್ಯವಿರಬೇಕು. ನಿಲ್ಲಿಸಿ ಮತ್ತೆ ಆರಂಭಿಸಿದರೆ ಪತ್ತೆ ಮಾಡಬೇಕಾದ ದೋಷವೇ ಮರೆಯಾಗುವ ಸಂಭವ ಹೆಚ್ಚು.

ಎರಡನೆಯದಾಗಿ, ಏರಿಸಿದ ಮಟ್ಟಕ್ಕೆ ಗಡುವು ಇರಬೇಕು. 30 ನಿಮಿಷಕ್ಕೆಂದು ತೆರೆದ ಡಿಬಗ್ 30 ನಿಮಿಷದ ನಂತರ ತಾನಾಗಿಯೇ ಮುಚ್ಚಿಕೊಳ್ಳಬೇಕು. ತೆರೆದವರು ಮರೆತು ಮನೆಗೆ ಹೋದರೆ ಬೆಳಗಾಗುವಷ್ಟರಲ್ಲಿ ಡಿಸ್ಕ್ ತುಂಬಿ ಸೇವೆಯೇ ನಿಂತಿರುತ್ತದೆ.

ಮೂರನೆಯದಾಗಿ, ಕಾನ್ಫಿಗರೇಷನ್ ಕಡತದಲ್ಲಿ ತಪ್ಪಿದ್ದರೆ ಸರ್ವರ್ ಅದನ್ನು ತಿರಸ್ಕರಿಸಿ ಹಳೆಯ ಕ್ರಮದಲ್ಲೇ ಮುಂದುವರಿಯಬೇಕು. ಕೇಂದ್ರ ಸರ್ವರ್ ಸಂಪರ್ಕಕ್ಕೆ ಸಿಗದಿದ್ದರೂ ಅಷ್ಟೇ.

ನಾಲ್ಕನೆಯದಾಗಿ, ಒಂದೇ ಜಾಡು ಸಂಖ್ಯೆಗೆ ಮಾತ್ರ ವಿವರ ಬರೆಯುವ ಸೌಲಭ್ಯವಿರಬೇಕು. ದೂರು ನೀಡಿದ ಒಬ್ಬ ರೈತನ ಅರ್ಜಿಯನ್ನು ಹಿಂಬಾಲಿಸಲು ಇಡೀ ತಾಲ್ಲೂಕಿನ ಅರ್ಜಿಗಳ ವಿವರ ಬರೆಯಬೇಕಿಲ್ಲ.

ಐದನೆಯದಾಗಿ, ಕಾನ್ಫಿಗರೇಷನ್ ಬದಲಿಸಿದವರು ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದೇ ಲೆಕ್ಕಪರಿಶೋಧನೆಯ ಲಾಗ್‌ನಲ್ಲಿ ಒಂದು ನಮೂದಾಗಬೇಕು.

ಜಾಲ ಕಡಿದಾಗ

ವಿದ್ಯುತ್ ಮತ್ತು ಅಂತರ್ಜಾಲ ಸಂಪರ್ಕ ಆಗಾಗ ಕೈಕೊಡುವ ಊರುಗಳಲ್ಲಿ ಲಾಗ್ ನೇರವಾಗಿ ಬೆಂಗಳೂರಿನ ಸರ್ವರ್‌ಗೆ ಹೋಗಲಿ ಎಂದು ನಂಬಿ ಕೂರುವಂತಿಲ್ಲ. ನಮೂದನ್ನು ಮೊದಲು ಸ್ಥಳೀಯ ಡಿಸ್ಕಿನಲ್ಲಿ ಬರೆದು, ಸಂಪರ್ಕ ಬಂದಾಗ ಸಾಗಿಸಿ, ಕೇಂದ್ರದಿಂದ ಸ್ವೀಕೃತಿ ಬಂದ ಮೇಲಷ್ಟೇ ಸ್ಥಳೀಯ ಪ್ರತಿಯನ್ನು ಅಳಿಸಬೇಕು. ಸ್ವೀಕೃತಿಯೇ ದಾರಿಯಲ್ಲಿ ಕಳೆದುಹೋದರೆ ಅದೇ ನಮೂದು ಎರಡು ಬಾರಿ ತಲುಪುತ್ತದೆ. ಮೂಲ ಮತ್ತು ಕ್ರಮಸಂಖ್ಯೆ ಎರಡೂ ಇದ್ದಲ್ಲಿ ಕೇಂದ್ರವು ಪುನರಾವರ್ತನೆಯನ್ನು ಗುರುತಿಸಿ ಕೈಬಿಡಬಹುದು. ಕ್ರಮಸಂಖ್ಯೆಯಲ್ಲಿ ನಡುವೆ ಅಂತರ ಕಂಡುಬಂದರೆ ನಮೂದು ಕಳೆದಿದೆ ಎಂಬುದೂ ತಿಳಿಯುತ್ತದೆ.

ಸ್ಥಳೀಯ ಡಿಸ್ಕ್ ತುಂಬಿದರೆ ಏನನ್ನು ಬಿಡಬೇಕು ಎಂಬುದನ್ನೂ ಮೊದಲೇ ಹೇಳಿರಬೇಕು. ಡಿಬಗ್ ಮೊದಲು ಹೋಗಬೇಕು, ಅನಂತರ ಮಾಹಿತಿ. ಲೆಕ್ಕಪರಿಶೋಧನೆಯ ನಮೂದನ್ನು ಬರೆಯಲು ಜಾಗವಿಲ್ಲದಿದ್ದರೆ ಆ ವಹಿವಾಟನ್ನೇ ತಡೆಹಿಡಿಯುವುದು ಲೇಸು. ಲೆಕ್ಕವಿಲ್ಲದೆ ಪಹಣಿಯಲ್ಲಿ ಹೆಸರು ಬದಲಾಗುವುದಕ್ಕಿಂತ ರೈತ ಮರುದಿನ ಬರುವುದು ಕಡಿಮೆ ನಷ್ಟದ್ದು.

ಲಾಗ್ ತಾನೇ ಅಪಾಯವಾದಾಗ

ಹೊಂದಾಣಿಕೆಯ ಸೌಲಭ್ಯ ಅತಿಯಾದರೂ ಕೇಡು ಎಂಬುದನ್ನು 2021ರ ಡಿಸೆಂಬರ್‌ನಲ್ಲಿ ಜಗತ್ತು ಕಂಡಿತು. ನಮೂದಿನ ಪಠ್ಯದೊಳಗೆ ವಿಶೇಷ ಚಿಹ್ನೆಗಳಿದ್ದರೆ ಅವನ್ನು ಆಜ್ಞೆಯೆಂದು ಅರ್ಥೈಸಿ, ಹೊರಗಿನ ಸರ್ವರ್‌ನಿಂದ ಮಾಹಿತಿ ತರಿಸುವ ಅನುಕೂಲ ಲಾಗ್4ಜೆಯ ಎರಡನೇ ಆವೃತ್ತಿಯಲ್ಲಿತ್ತು. ದಾಳಿಕೋರರು ಹೆಸರಿನ ಕಲಮಿನಲ್ಲೋ ಹುಡುಕಾಟದ ಪೆಟ್ಟಿಗೆಯಲ್ಲೋ ಅಂತಹ ಪಠ್ಯವನ್ನು ತುಂಬಿದರೆ ಸಾಕಾಗಿತ್ತು. ಅದನ್ನು ಲಾಗ್‌ಗೆ ಬರೆಯುವ ಕ್ಷಣದಲ್ಲೇ ಸರ್ವರ್ ಪರರ ಕೈವಶವಾಗುತ್ತಿತ್ತು. ‘ಲಾಗ್4ಶೆಲ್’ ಎಂದು ಹೆಸರಾದ ಈ ಲೋಪಕ್ಕೆ ಗಂಭೀರತೆಯ ಮಾಪನದಲ್ಲಿ ಗರಿಷ್ಠವಾದ 10 ಅಂಕ ನೀಡಲಾಯಿತು. ಬಳಕೆದಾರರು ತುಂಬಿದ ಪಠ್ಯವನ್ನು ಲಾಗಿಂಗ್ ವ್ಯವಸ್ಥೆ ಎಂದೂ ಆಜ್ಞೆಯಾಗಿ ಓದಬಾರದು ಎಂಬುದು ಅಂದಿನಿಂದ ಎಲ್ಲರೂ ಒಪ್ಪಿದ ನಿಯಮ.

ಎರಡನೇ ಅಪಾಯ ಖಾಸಗಿ ಮಾಹಿತಿಯ ಸೋರಿಕೆ. ಗುಪ್ತಪದಗಳು ರೂಪಾಂತರಗೊಳ್ಳುವ ಮೊದಲೇ ಒಳಗಿನ ಲಾಗ್ ಒಂದರಲ್ಲಿ ಯಥಾವತ್ತಾಗಿ ದಾಖಲಾಗುತ್ತಿದ್ದುದನ್ನು ಪತ್ತೆಹಚ್ಚಿದ ಟ್ವಿಟರ್ ಸಂಸ್ಥೆ, 2018ರ ಮೇ ತಿಂಗಳಲ್ಲಿ ತನ್ನ 33 ಕೋಟಿಗೂ ಹೆಚ್ಚು ಬಳಕೆದಾರರಿಗೆ ಗುಪ್ತಪದ ಬದಲಿಸಲು ಸೂಚಿಸಿತ್ತು. ಕರ್ನಾಟಕದಲ್ಲಿ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ನಡೆದಿರುವುದರಿಂದ ಈ ಎಚ್ಚರಿಕೆ ಇಲ್ಲಿಯೂ ಪ್ರಸ್ತುತ. ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆ, ಒಟಿಪಿ ಇವು ಲಾಗ್‌ನಲ್ಲಿ ಬರಲೇಬಾರದು. ಬರಲೇಬೇಕಿದ್ದರೆ ಕೊನೆಯ ನಾಲ್ಕು ಅಂಕಿಗಳನ್ನು ಬಿಟ್ಟು ಉಳಿದವನ್ನು ಮರೆಮಾಚಬೇಕು. ಮರೆಮಾಚುವ ಕೆಲಸ ಸಂಖ್ಯೆ ಹುಟ್ಟುವ ಯಂತ್ರದಲ್ಲೇ ಆಗಬೇಕು. ಕೇಂದ್ರಕ್ಕೆ ಬಂದ ಮೇಲೆ ಮಾಡಿದರೆ ದಾರಿಯುದ್ದಕ್ಕೂ ಪ್ರತಿಗಳು ಉಳಿದಿರುತ್ತವೆ.

ಎಷ್ಟು ಕಾಲ ಇಡಬೇಕು

ಈ ಪ್ರಶ್ನೆಗೆ ತಂತ್ರಜ್ಞರಷ್ಟೇ ಉತ್ತರಿಸುವಂತಿಲ್ಲ, ಕಾನೂನೂ ಮಾತನಾಡಿದೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೇವಾದಾರರು, ದತ್ತಾಂಶ ಕೇಂದ್ರಗಳು, ಕಂಪೆನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಎಲ್ಲ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿಡಬೇಕು. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು. ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ 2025ರ ನವೆಂಬರ್‌ನಲ್ಲಿ ಪ್ರಕಟವಾದ, ಹಂತಹಂತವಾಗಿ ಜಾರಿಗೆ ಬರುವ ನಿಯಮಗಳಲ್ಲಿಯೂ ಲಾಗ್‌ಗಳನ್ನು ಒಂದು ವರ್ಷ ಇಡುವ ಪ್ರಸ್ತಾಪವಿದೆ.

ಮತ್ತೊಂದು ಮಗ್ಗುಲನ್ನು ತೋರಿಸಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು 2012ರಲ್ಲಿ ಆಧಾರ್ ವಿರುದ್ಧ ಸಲ್ಲಿಸಿದ್ದ ಅರ್ಜಿಯ ಕುರಿತು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2018ರ ಸೆಪ್ಟೆಂಬರ್ 26ರಂದು ತೀರ್ಪು ನೀಡಿತು. ಪ್ರಜೆಯೊಬ್ಬ ಆಧಾರ್ ಮೂಲಕ ತನ್ನ ಗುರುತನ್ನು ದೃಢಪಡಿಸಿದ ಪ್ರತಿ ಸಂದರ್ಭದ ದಾಖಲೆಯನ್ನು ಐದು ವರ್ಷಗಳವರೆಗೆ ಕಾಪಿಡಲು ಅವಕಾಶವಿದ್ದ ನಿಯಮವನ್ನು ಒಪ್ಪದ ಬಹುಮತದ ತೀರ್ಪು, ಆರು ತಿಂಗಳಿಗಿಂತ ಹೆಚ್ಚು ಕಾಲ ಅದನ್ನು ಇಡುವಂತಿಲ್ಲ ಎಂದಿತು. ಯಾರು ಯಾವಾಗ ಎಲ್ಲಿ ಹೆಬ್ಬೆರಳು ಒತ್ತಿದರು ಎಂಬ ಲಾಗ್ ವರ್ಷಗಟ್ಟಲೆ ಉಳಿದರೆ ಅದು ಆ ವ್ಯಕ್ತಿಯ ಜೀವನದ ನಕ್ಷೆಯಾಗುತ್ತದೆ ಎಂಬ ಆತಂಕ ಆ ವಾದದ ಹಿಂದಿತ್ತು. ಪುಟ್ಟಸ್ವಾಮಿ ಅವರು 2024ರ ಅಕ್ಟೋಬರ್‌ನಲ್ಲಿ ನಿಧನರಾದರು.

ಹೀಗಾಗಿ ಒಂದೇ ಅವಧಿ ಎಲ್ಲ ಲಾಗ್‌ಗಳಿಗೂ ಹೊಂದುವುದಿಲ್ಲ. ಡಿಬಗ್ ಕೆಲವು ದಿನ ಸಾಕು. ಕಾರ್ಯನಿರ್ವಹಣೆಯ ಲಾಗ್ ಕಾನೂನು ಹೇಳಿದಷ್ಟು ಕಾಲ ಇರಬೇಕು. ಜಮೀನಿನ ಹಕ್ಕು ಬದಲಾವಣೆಯ ನಮೂದಿಗೆ ಜಮೀನಿನಷ್ಟೇ ಆಯುಷ್ಯವಿರಬೇಕು, ಏಕೆಂದರೆ ಮೊಮ್ಮಕ್ಕಳ ಕಾಲದಲ್ಲೂ ವ್ಯಾಜ್ಯ ಏಳಬಹುದು. ಪ್ರತಿ ಬಗೆಯ ಲಾಗ್‌ಗೂ ಪ್ರತ್ಯೇಕ ಅವಧಿಯನ್ನು ನಿಗದಿಪಡಿಸುವ, ಅವಧಿ ಮುಗಿದವನ್ನು ನಿಜವಾಗಿಯೂ ಅಳಿಸುವ ಏರ್ಪಾಡು ವಿನ್ಯಾಸದ ಭಾಗವಾಗಬೇಕು.

ಬದಲಿಸಲಾಗದ ಭಾಗ

ಕಂದಾಯ ಕಚೇರಿಯ ಹಳೆಯ ರಿಜಿಸ್ಟರುಗಳಲ್ಲಿ ತಪ್ಪನ್ನು ಉಜ್ಜಿ ಅಳಿಸುವಂತಿರಲಿಲ್ಲ. ಒಂದು ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಗೆರೆಯ ಕೆಳಗಿನ ಅಕ್ಷರ ಓದಲು ಬರುತ್ತಿತ್ತು. ಲೆಕ್ಕಪರಿಶೋಧನೆಯ ಲಾಗ್ ಕೂಡ ಹಾಗೆಯೇ ಇರಬೇಕು: ಸೇರಿಸಬಹುದು, ತಿದ್ದುವಂತಿಲ್ಲ.

ಇದನ್ನು ಗಣಕಯಂತ್ರದಲ್ಲಿ ಸಾಧಿಸುವ ಒಂದು ವಿಧಾನವೆಂದರೆ ಸರಪಳಿ. ಪ್ರತಿ ನಮೂದಿನ ಗಣಿತೀಯ ಮುದ್ರೆಯನ್ನು ಲೆಕ್ಕ ಹಾಕುವಾಗ ಹಿಂದಿನ ನಮೂದಿನ ಮುದ್ರೆಯನ್ನೂ ಸೇರಿಸಲಾಗುತ್ತದೆ. ನಡುವಿನ ಒಂದು ಅಕ್ಷರ ಬದಲಾದರೂ ಅಲ್ಲಿಂದ ಮುಂದಿನ ಎಲ್ಲ ಮುದ್ರೆಗಳು ತಾಳೆಯಾಗುವುದಿಲ್ಲ. ಇಡೀ ಸರ್ವರನ್ನೇ ಕೈಯಲ್ಲಿಟ್ಟುಕೊಂಡವರು ಸರಪಳಿಯನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿ ಬರೆಯಬಹುದು ಎಂಬುದು ಇದರ ದೌರ್ಬಲ್ಯ. ಆದ್ದರಿಂದ ಪ್ರತಿದಿನದ ಕೊನೆಯ ಮುದ್ರೆಯನ್ನು ಬೇರೊಂದು ಇಲಾಖೆಯ ಸುಪರ್ದಿಗೆ ಒಪ್ಪಿಸಬೇಕು. ಲಾಗ್ ಬರೆಯುವವರು, ತಂತ್ರಾಂಶ ನಡೆಸುವವರು ಮತ್ತು ಮುದ್ರೆ ಕಾಯುವವರು ಬೇರೆ ಬೇರೆಯಾಗಿದ್ದಾಗ ಮಾತ್ರ ಈ ಭದ್ರತೆಗೆ ಅರ್ಥವಿದೆ.

ಪರಿಶೀಲನೆಗೆ ಹತ್ತು ಪ್ರಶ್ನೆಗಳು

ಹೊಸ ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ ಕಚೇರಿಗಳು, ಸಹಕಾರ ಸಂಘಗಳು, ಖಾಸಗಿ ಸಂಸ್ಥೆಗಳು ತಯಾರಕರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹೀಗೆ ಪಟ್ಟಿ ಮಾಡಬಹುದು.

1. ಒಂದು ಅರ್ಜಿಯ ಜಾಡು ಸಂಖ್ಯೆ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುತ್ತದೆಯೇ?
2. ಎಲ್ಲ ಯಂತ್ರಗಳ ಗಡಿಯಾರ ಒಂದೇ ಪ್ರಮಾಣಿತ ಸಮಯವನ್ನು ಅನುಸರಿಸುತ್ತದೆಯೇ?
3. ಸ್ಥಳ ಮತ್ತು ಕಚೇರಿಗಳನ್ನು ಸಂಕೇತದಲ್ಲಿ ಬರೆಯಲಾಗುತ್ತಿದೆಯೇ?
4. ಸೇವೆ ನಿಲ್ಲಿಸದೆ ಲಾಗ್ ಮಟ್ಟ ಬದಲಿಸಬಹುದೇ? ಅದಕ್ಕೆ ಗಡುವು ಇದೆಯೇ?
5. ಬದಲಿಸಿದವರ ಹೆಸರು ದಾಖಲಾಗುತ್ತದೆಯೇ?
6. ಸಂಪರ್ಕ ಕಡಿದರೆ ನಮೂದುಗಳು ಎಲ್ಲಿ ಉಳಿಯುತ್ತವೆ?
7. ಡಿಸ್ಕ್ ತುಂಬಿದರೆ ಮೊದಲು ಯಾವುದು ಹೋಗುತ್ತದೆ?
8. ಆಧಾರ್, ದೂರವಾಣಿ, ಗುಪ್ತಪದಗಳನ್ನು ಎಲ್ಲಿ ಮರೆಮಾಚಲಾಗುತ್ತದೆ?
9. ಪ್ರತಿ ಬಗೆಯ ಲಾಗ್‌ಗೆ ಅವಧಿ ಎಷ್ಟು? ಅಳಿಸಿದ್ದಕ್ಕೆ ಪುರಾವೆ ಏನು?
10. ಲೆಕ್ಕಪರಿಶೋಧನೆಯ ಲಾಗನ್ನು ನಿಲ್ಲಿಸುವ ಅಧಿಕಾರ ಯಾರಿಗಾದರೂ ಇದೆಯೇ?

ಕೊನೆಯ ಪ್ರಶ್ನೆಗೆ ‘ಆಡಳಿತಗಾರರಿಗೆ ಮಾತ್ರ ಇದೆ’ ಎಂಬ ಉತ್ತರ ಬಂದರೆ ಆ ತಂತ್ರಾಂಶವನ್ನು ಹಿಂದಿರುಗಿಸುವುದು ಸೂಕ್ತ. ಉಳಿದ ಒಂಬತ್ತನ್ನು ಕಾಲಕ್ರಮೇಣ ಸರಿಪಡಿಸಿಕೊಳ್ಳಬಹುದು. ಹೊಣೆಯ ಲೆಕ್ಕವನ್ನು ಒಮ್ಮೆ ನಿಲ್ಲಿಸಿದರೆ, ನಿಂತಿದ್ದ ಆ ಅವಧಿಯಲ್ಲಿ ನಡೆದದ್ದನ್ನು ಮುಂದೆ ಯಾವ ತನಿಖೆಯೂ ಹೊರತೆಗೆಯಲಾರದು.